ಎಂಜಿನ್ ಒಬ್ಬರದು, ಚಾಸಿ ಇನ್ನೊಬ್ಬರದು: ಕೌಂಟ್ ಜ್ಬೊರೊವ್‌ಸ್ಕಿ ಆಡಿದ ಆಟದ ಬಿಲ್ ಕಟ್ಟಿದ್ದು ಯಾರು?

1921ರ ಈಸ್ಟರ್ ರಜೆಯಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ರೇಸ್ ಟ್ರ್ಯಾಕ್‌ಗೆ ಒಂದು ವಿಚಿತ್ರ ಕಾರು ಬಂತು. ಬಾನೆಟ್ ಮುಗಿಯೋದೇ ಇಲ್ಲವೇನೋ ಅನ್ನುವಷ್ಟು ಉದ್ದ. ಪಕ್ಕದಲ್ಲಿ ಚರಂಡಿ ಪೈಪಿನಂಥ ಎಕ್ಸಾಸ್ಟ್. ಮೇಲೆ ಒರಟೊರಟಾದ ನಾಲ್ಕು ಸೀಟಿನ ಬಾಡಿ. ಇದೇನು ರೇಸಿಗೆ ಬಂದಿದೆಯೋ, ಜಾತ್ರೆಗೆ ಬಂದಿದೆಯೋ ಅನ್ನೋ ಹಾಗಿತ್ತು. ಆದರೆ ಆ ಕೂಟದಲ್ಲಿ ಅದು ಎರಡು ರೇಸ್ ಗೆದ್ದಿತು, ಇನ್ನೊಂದರಲ್ಲಿ ಎರಡನೇ ಸ್ಥಾನ ಪಡೆಯಿತು. ವೇಗ ಗಂಟೆಗೆ 100 ಮೈಲಿ ದಾಟಿತ್ತು, ಅಂದ್ರೆ 160 ಕಿ.ಮೀ.ಗೂ ಹೆಚ್ಚು.

ಕಾರಿನ ಹೆಸರು ಚಿಟ್ಟಿ ಬ್ಯಾಂಗ್ ಬ್ಯಾಂಗ್. ಈ ಹೆಸರು ನೀವು ಕೇಳಿರ್ತೀರಿ. ಜೇಮ್ಸ್ ಬಾಂಡ್ ಕತೆಗಳ ಇಯಾನ್ ಫ್ಲೆಮಿಂಗ್ ಮಕ್ಕಳಿಗಾಗಿ ಬರೆದ ಪುಸ್ತಕ 1964ರಲ್ಲಿ ಬಂತು, 1968ರಲ್ಲಿ ಸಿನಿಮಾ ಆಯ್ತು. ಆ ಹೆಸರು ಹುಟ್ಟಿದ್ದು ಈ ಕಾರಿನಿಂದ. ಸಿನಿಮಾದ ಕಾರು ಹಾರುತ್ತೆ. ನಿಜವಾದ ಚಿಟ್ಟಿ ಹಾರಲಿಲ್ಲ, ಆದರೆ ಅದರ ಎಂಜಿನ್ ಹುಟ್ಟಿದ್ದೇ ಹಾರೋದಕ್ಕೆ. ಚಾಸಿ ಮರ್ಸಿಡಿಸ್ ಕಂಪನಿಯದು, ಯುದ್ಧಕ್ಕಿಂತ ಮುಂಚಿನದು. ಎಂಜಿನ್ ಮೇಬ್ಯಾಕ್ ಕಂಪನಿಯದು, ಜೆಪ್ಪೆಲಿನ್ ವಾಯುನೌಕೆ ಮತ್ತು ಯುದ್ಧವಿಮಾನಗಳಿಗಾಗಿ ಮಾಡಿದ್ದು. ಎರಡನ್ನೂ ಒಂದಾಗಿಸಿದವನು 26 ವರ್ಷದ ಶ್ರೀಮಂತ, ಕೌಂಟ್ ಲೂಯಿ ಜ್ಬೊರೊವ್‌ಸ್ಕಿ.

ಒಂದು ಕಂಪನಿಯ ಕಾರಿಗೆ ಇನ್ನೊಂದು ಕಂಪನಿಯ ಎಂಜಿನ್ ಕೂರಿಸೋದಕ್ಕೆ ಇವತ್ತಿನ ಹುಡುಗರು ಎಂಜಿನ್ ಸ್ವಾಪ್ ಅಂತಾರೆ. ಯೂಟ್ಯೂಬ್ ತುಂಬ ಇಂಥ ಪ್ರಾಜೆಕ್ಟ್ ಕಾರುಗಳ ವಿಡಿಯೊಗಳಿವೆ. ಎಲ್ಲದರಲ್ಲೂ ಕ್ಯಾಮೆರಾ ನಿಲ್ಲೋದು ಎಂಜಿನ್ ಮೇಲೆ, ಶಬ್ದ ಬರೋದು ಎಂಜಿನ್‌ನಿಂದ, ಲೈಕ್ ಬೀಳೋದು ಎಂಜಿನ್‌ಗೆ. ಆದರೆ ಕೆಲಸ ಗೊತ್ತಿರುವ ಯಾವ ಮೆಕ್ಯಾನಿಕ್‌ನ ಕೇಳಿದ್ರೂ ಒಂದೇ ವಿಷಯ ಹೇಳ್ತಾನೆ. ಕಷ್ಟ ಇರೋದು ಎಂಜಿನ್ ಇಳಿಸೋದ್ರಲ್ಲಿ ಅಲ್ಲ, ಅದನ್ನು ಹೊರುವ ಚಾಸಿ, ತಡೆಯುವ ಬ್ರೇಕ್, ನೆಲ ಹಿಡಿಯುವ ಟೈರ್ ಇವುಗಳನ್ನು ಹೊಂದಿಸೋದ್ರಲ್ಲಿ. ಲೂಯಿ ಜ್ಬೊರೊವ್‌ಸ್ಕಿಯ ಬದುಕನ್ನೂ ಹಾಗೇ ಓದಬೇಕು. ಶಬ್ದ ಮಾಡಿದ್ದು ಯಾವುದು ಅಂತಲ್ಲ, ಭಾರ ಹೊತ್ತಿದ್ದು ಯಾವುದು, ಯಾರು ಅಂತ.

ಮ್ಯಾನ್‌ಹ್ಯಾಟನ್‌ನ ಬಾಡಿಗೆ

ಮೊದಲು ದುಡ್ಡಿನ ಮೂಲ ನೋಡೋಣ. ಯಾಕಂದ್ರೆ 26ನೇ ವಯಸ್ಸಿಗೆ ವಿಮಾನದ ಎಂಜಿನ್ ಇಟ್ಟುಕೊಂಡು ಆಟ ಆಡೋದಕ್ಕೆ ಬರೀ ಪ್ರತಿಭೆ ಸಾಲಲ್ಲ.

ಲೂಯಿ ಹುಟ್ಟಿದ್ದು 1895ರ ಫೆಬ್ರವರಿ 20ರಂದು, ಲಂಡನ್‌ನಲ್ಲಿ. ಅಪ್ಪ ವಿಲಿಯಂ ಎಲಿಯಟ್ ಜ್ಬೊರೊವ್‌ಸ್ಕಿ ಅಮೆರಿಕದಲ್ಲಿ ಹುಟ್ಟಿದವನು, ಪೋಲೆಂಡ್ ಮೂಲದ ಮನೆತನ. ಕೌಂಟ್ ಅನ್ನೋ ಬಿರುದು ಎಷ್ಟು ಅಸಲಿ ಅನ್ನೋದರ ಬಗ್ಗೆ ಅನುಮಾನಗಳಿವೆ. ಆದರೆ ಅಮ್ಮನ ಕಡೆಯ ದುಡ್ಡಿನ ಬಗ್ಗೆ ಯಾವ ಅನುಮಾನವೂ ಇಲ್ಲ. ಅಮ್ಮ ಮಾರ್ಗರೆಟ್ ಲಾರಾ ಕ್ಯಾರಿ, ನ್ಯೂಯಾರ್ಕ್‌ನ ಆಸ್ಟರ್ ಮನೆತನದ ಮೊಮ್ಮಗಳು.

ಆಸ್ಟರ್ ಮನೆತನದ ಕತೆ ಶುರುವಾಗೋದು ಜಾನ್ ಜೇಕಬ್ ಆಸ್ಟರ್‌ನಿಂದ. ಜರ್ಮನಿಯಿಂದ ಅಮೆರಿಕಕ್ಕೆ ಬಂದು ಪ್ರಾಣಿಗಳ ತುಪ್ಪಳದ ವ್ಯಾಪಾರದಲ್ಲಿ ದುಡ್ಡು ಮಾಡಿದ. ಆ ದುಡ್ಡನ್ನು ಮ್ಯಾನ್‌ಹ್ಯಾಟನ್ ದ್ವೀಪದ ಭೂಮಿಗೆ ಹಾಕಿದ. ಊರು ಬೆಳೀತು, ಭೂಮಿಯ ಬೆಲೆ ತಾನಾಗೇ ಏರಿತು. ಮಗ ವಿಲಿಯಂ ಬ್ಯಾಕ್‌ಹೌಸ್ ಆಸ್ಟರ್ ಕಾಲಕ್ಕೆ ಈ ಮನೆತನವೇ ನ್ಯೂಯಾರ್ಕ್‌ನ ಜಮೀನ್ದಾರ ಅನ್ನಿಸಿಕೊಂಡಿತ್ತು. ಭೂಮಿ ಮಾರೋದಿಲ್ಲ, ದೀರ್ಘಾವಧಿ ಗುತ್ತಿಗೆಗೆ ಕೊಡೋದು. ಗುತ್ತಿಗೆ ಪಡೆದವನು ಅದರ ಮೇಲೆ ಕಟ್ಟಡ ಕಟ್ಟಿ, ಕೋಣೆ ಕೋಣೆಯಾಗಿ ಭಾಗ ಮಾಡಿ, ಹಡಗಿನಿಂದ ಇಳಿದ ವಲಸೆ ಕಾರ್ಮಿಕರ ಕುಟುಂಬಗಳಿಗೆ ಬಾಡಿಗೆಗೆ ಕೊಡೋದು. ಗಾಳಿ, ಬೆಳಕು, ಶೌಚಾಲಯ ಸರಿಯಾಗಿ ಇಲ್ಲದ ಆ ಕಟ್ಟಡಗಳ ಬಾಡಿಗೆ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ ಭೂಮಾಲೀಕರ ತಿಜೋರಿ ಸೇರುತ್ತಿತ್ತು.

ಈ ಆಸ್ತಿಯ ಒಂದು ಪಾಲು ಮೊಮ್ಮಗಳ ಮೂಲಕ ಲೂಯಿಗೆ ಬಂತು. 1911ರಲ್ಲಿ ಅಮ್ಮ ತೀರಿಕೊಂಡಾಗ ಅವನಿಗೆ 16 ವರ್ಷ. ಕ್ಯಾಂಟರ್‌ಬರಿ ಪಟ್ಟಣದ ಹತ್ತಿರ ಅಮ್ಮ ಆಗಷ್ಟೇ ಕೊಂಡಿದ್ದ ಹೈಯಾಮ್ ಪಾರ್ಕ್ ಅನ್ನೋ ಬಂಗಲೆ ಮತ್ತು ಎಸ್ಟೇಟ್, ಜೊತೆಗೆ ನ್ಯೂಯಾರ್ಕ್‌ನ ಭೂಮಿ, ಕಟ್ಟಡ, ನಗದು. ಅದೇ ವಯಸ್ಸಿನ ಹುಡುಗರು ಇಂಗ್ಲೆಂಡಿನ ಕಲ್ಲಿದ್ದಲ ಗಣಿಗೆ ಇಳಿಯುತ್ತಿದ್ದ ಕಾಲ ಅದು.

ಅಪ್ಪನನ್ನು ಕೊಂದ ಕಾರು

ಅಪ್ಪನೂ ರೇಸ್ ಡ್ರೈವರ್. 1903ರ ಏಪ್ರಿಲ್ 1ರಂದು ಫ್ರಾನ್ಸ್‌ನ ನೀಸ್ ನಗರದ ಹೊರವಲಯದ ಲಾ ತುರ್ಬಿ ಬೆಟ್ಟ ಹತ್ತುವ ಸ್ಪರ್ಧೆಯಲ್ಲಿ ಮರ್ಸಿಡಿಸ್ ಓಡಿಸುತ್ತಿದ್ದ. ತಿರುವಿನಲ್ಲಿ ಕಾರು ಬಂಡೆಗೆ ಬಡಿದು ಸತ್ತ. ಲೂಯಿಗೆ ಆಗ 8 ವರ್ಷ. ಅಪ್ಪನ ಅಂಗಿಯ ಕಫ್‌ಲಿಂಕ್ ಸ್ಟೀರಿಂಗ್ ಹತ್ತಿರದ ಕೈ ಥ್ರಾಟಲ್‌ಗೆ ಸಿಕ್ಕಿಕೊಂಡು ಕಾರು ನಿಯಂತ್ರಣ ತಪ್ಪಿತು ಅನ್ನೋದು ಆಮೇಲೆ ಹುಟ್ಟಿದ ಕತೆ. ನಿಜವೋ ಸುಳ್ಳೋ, ರೇಸಿಂಗ್ ಲೋಕ ಇದನ್ನು ಇವತ್ತಿಗೂ ಹೇಳುತ್ತೆ.

ಮರ್ಸಿಡಿಸ್ ಅನ್ನೋ ಹೆಸರು ಈ ಕತೆಯಲ್ಲಿ ಮತ್ತೆ ಮತ್ತೆ ಬರುತ್ತೆ, ಅದರ ಹಿನ್ನೆಲೆ ಸ್ವಲ್ಪ ಗೊತ್ತಿರಬೇಕು. 1901ರ ಮೊದಲ ಮರ್ಸಿಡಿಸ್ ಕಾರಿನ ವಿನ್ಯಾಸಕ ವಿಲ್‌ಹೆಲ್ಮ್ ಮೇಬ್ಯಾಕ್, ಡೈಮ್ಲರ್ ಕಂಪನಿಯ ಮುಖ್ಯ ಎಂಜಿನಿಯರ್. 1907ರಲ್ಲಿ ಆತ ಕಂಪನಿ ಬಿಟ್ಟ. 1909ರಲ್ಲಿ ಕೌಂಟ್ ಜೆಪ್ಪೆಲಿನ್ ಜೊತೆ ಸೇರಿ, ಮಗ ಕಾರ್ಲ್ ಮುಂದಾಳತ್ವದಲ್ಲಿ, ವಾಯುನೌಕೆಗಳ ಎಂಜಿನ್ ಮಾಡುವ ಬೇರೆ ಕಂಪನಿ ಶುರುವಾಯ್ತು. ಅಂದ್ರೆ ಚಿಟ್ಟಿಯ ಚಾಸಿ ಮತ್ತು ಎಂಜಿನ್ ಎರಡು ಬೇರೆ ಕಂಪನಿಗಳದ್ದಾದರೂ ಒಂದೇ ತಲೆಯ ಎರಡು ಮಕ್ಕಳು. ಮನೆ ಭಾಗವಾಗಿ ಬೇರೆಯಾದ ಅಣ್ಣತಮ್ಮಂದಿರನ್ನು ಒಂದು ಶ್ರೀಮಂತ ಹುಡುಗ ಇಂಗ್ಲೆಂಡಿನ ಹಳ್ಳಿಯ ವರ್ಕ್‌ಶಾಪಿನಲ್ಲಿ ಮತ್ತೆ ಒಂದು ಮಾಡಿದ.

ಯುದ್ಧದ ಗುಜರಿ

ಇಷ್ಟು ದೊಡ್ಡ ಎಂಜಿನ್ ಒಬ್ಬ ಖಾಸಗಿ ವ್ಯಕ್ತಿಯ ಕೈಗೆ ಸಿಗುವಂತಾದದ್ದು ರಾಜಕೀಯ ಕಾರಣಕ್ಕೆ. 1919ರ ವರ್ಸೈ ಒಪ್ಪಂದ ಜರ್ಮನಿಗೆ ವಾಯುಸೇನೆಯೇ ಇರಕೂಡದು ಅಂತು. ಸೇನೆಯ ವಿಮಾನ, ವಾಯುನೌಕೆ, ಎಂಜಿನ್ ಎಲ್ಲವನ್ನೂ ಮಿತ್ರರಾಷ್ಟ್ರಗಳಿಗೆ ಒಪ್ಪಿಸಬೇಕಾಯ್ತು. ಇತ್ತ ಗೆದ್ದವರ ಗೋದಾಮುಗಳಲ್ಲೂ ಯುದ್ಧಕ್ಕಾಗಿ ಮಾಡಿಸಿದ ವಿಮಾನದ ಎಂಜಿನ್‌ಗಳ ರಾಶಿ. ಜನರ ತೆರಿಗೆಯಿಂದ ದುಬಾರಿಯಾಗಿ ಮಾಡಿದ ಯಂತ್ರಗಳು ಗುಜರಿ ಬೆಲೆಗೆ ಬಿದ್ದವು. ಸೈನಿಕರು ಕೆಲಸ ಇಲ್ಲದೆ ಊರಿಗೆ ಮರಳಿದ್ದರು. ಎಂಜಿನ್‌ಗಳೂ ಹಾಗೇ ಮರಳಿದ್ದವು.

ಲೂಯಿಗೆ ಸಿಕ್ಕ ಮೇಬ್ಯಾಕ್ ಎಂಜಿನ್‌ನ ಅಳತೆ ನೋಡಿ. 6 ಸಿಲಿಂಡರ್. ಒಂದೊಂದರ ವ್ಯಾಸ 165 ಮಿ.ಮೀ., ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ 180 ಮಿ.ಮೀ. ಗುಣಿಸಿ ನೋಡಿದ್ರೆ ಒಂದು ಸಿಲಿಂಡರ್‌ಗೆ ಸುಮಾರು 3.85 ಲೀಟರ್, ಒಟ್ಟು 23 ಲೀಟರ್. ನಮ್ಮ ರಸ್ತೆಯಲ್ಲಿ ಓಡುವ 800 ಸಿಸಿಯ ಚಿಕ್ಕ ಕಾರು ನೆನಪಿಸಿಕೊಳ್ಳಿ. ಅಂಥ 28 ಕಾರುಗಳ ಎಂಜಿನ್ ಸೇರಿಸಿದರೂ ಇದರಷ್ಟಾಗಲ್ಲ. ಶಕ್ತಿ ಸುಮಾರು 300 ಎಚ್‌ಪಿ, ಅದೂ ನಿಮಿಷಕ್ಕೆ 1500 ಸುತ್ತಿನ ಆಸುಪಾಸಿನಲ್ಲೇ. ಎಂಜಿನಿಯರಿಂಗ್ ಮೊದಲ ವರ್ಷದ ಸೂತ್ರ ಹಾಕಿದ್ರೆ ಟಾರ್ಕ್ ಸುಮಾರು 1400 ನ್ಯೂಟನ್ ಮೀಟರ್. ಇವತ್ತಿನ ಭಾರೀ ಲಾರಿಗಳ ಎಂಜಿನ್‌ನ ಲೆಕ್ಕ ಅದು.

ಇದನ್ನು ಕಾರಿಗೆ ಕೂರಿಸೋದು ಹೇಗೆ? ಇಲ್ಲಿಂದ ಮುಂದೆ ಕೌಂಟ್ ಒಬ್ಬನ ಕೆಲಸ ಅಲ್ಲ. ಜೊತೆಗಿದ್ದವನು ಕ್ಲೈವ್ ಗ್ಯಾಲಪ್, ಬೆಂಟ್ಲಿಯ ಮೊದಲ 3 ಲೀಟರ್ ಎಂಜಿನ್ ವಿನ್ಯಾಸದಲ್ಲಿ ಕೆಲಸ ಮಾಡಿದ್ದ ಎಂಜಿನಿಯರ್. ಹೈಯಾಮ್ ಎಸ್ಟೇಟಿನ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್‌ಗಳಿದ್ದರು. ಬಾಡಿ ಕಟ್ಟಿದವರು ಕ್ಯಾಂಟರ್‌ಬರಿಯ ಬ್ಲೈ ಬ್ರದರ್ಸ್. ಹೆಸರು ಮಾತ್ರ ಕೌಂಟ್‌ದು ಉಳೀತು. ಸ್ಪ್ಯಾನರ್ ಹಿಡಿದವರ ಹೆಸರು ಇತಿಹಾಸದಲ್ಲಿ ಹುಡುಕೋದು ಕಷ್ಟ.

ಮೊದಲ ಪ್ರಶ್ನೆ ಜಾಗದ್ದು. ಅದಕ್ಕೇ ಮರ್ಸಿಡಿಸ್ ಚಾಸಿಯನ್ನು ಉದ್ದ ಮಾಡಿದರು. ಎರಡನೆಯದು ಸುತ್ತಿನ ಲೆಕ್ಕ. ಇವತ್ತಿನ ಚಿಕ್ಕ ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುತ್ತೆ, ಗೇರ್‌ಬಾಕ್ಸ್ ಅದನ್ನು ಕಡಿಮೆ ಮಾಡಿ ಚಕ್ರಕ್ಕೆ ಕೊಡುತ್ತೆ. ವಿಮಾನದ ಎಂಜಿನ್ ತಿರುಗೋದೇ ಅದರ ಕಾಲು ಭಾಗ, ಯಾಕಂದ್ರೆ ಅದರ ಕೆಲಸ ದೊಡ್ಡ ಪ್ರೊಪೆಲ್ಲರನ್ನು ನೇರವಾಗಿ ತಿರುಗಿಸೋದು. ಹಾಗಾಗಿ ಗೇರ್ ಅನುಪಾತ ಬೇರೆಯೇ ಬೇಕು. ಇಲ್ಲಿ ಹಳೇ ಮರ್ಸಿಡಿಸ್‌ನ ಚೈನ್ ಡ್ರೈವ್ ಅನುಕೂಲಕ್ಕೆ ಬಂತು. ಸೈಕಲ್ಲಿನ ಹಾಗೆ ಎರಡೂ ಬದಿಯಲ್ಲಿ ಚೈನ್, ಹಿಂದಿನ ಚಕ್ರಕ್ಕೆ ಹಲ್ಲುಗಾಲಿ. ಹಲ್ಲುಗಾಲಿಯ ಅಳತೆ ಬದಲಿಸಿದರೆ ಗೇರಿಂಗ್ ಬದಲು. ಇಡೀ ಆಕ್ಸಲ್ ಬಿಚ್ಚಬೇಕಿಲ್ಲ.

ಚಿಟ್ಟಿ ಅನ್ನೋ ಹೆಸರಿಗೂ ಎರಡು ವಿವರಣೆ ಇವೆ. ಎಂಜಿನ್ ನಿಧಾನವಾಗಿ ಸ್ಟಾರ್ಟ್ ಆಗುವಾಗಿನ ಸದ್ದು ಅಂತ ಒಂದು, ಮೊದಲ ಮಹಾಯುದ್ಧದ ಸೈನಿಕರ ಪೋಲಿ ಹಾಡಿನಿಂದ ಬಂದದ್ದು ಅಂತ ಇನ್ನೊಂದು. ಎರಡನೆಯದನ್ನು ಮಕ್ಕಳ ಸಿನಿಮಾದಲ್ಲಿ ಹೇಳೋಕಾಗಲ್ಲ ಬಿಡಿ.

ಗುಡಿಸಲಿನಲ್ಲಿ ಕೂತಿದ್ದವನು

ಶಕ್ತಿ ಸಿಕ್ಕಿತು. ತಡೆಯುವುದು? ಆ ಕಾಲದ ಬಹುತೇಕ ಕಾರುಗಳಿಗೆ ಮುಂದಿನ ಚಕ್ರಕ್ಕೆ ಬ್ರೇಕ್ ಇರುತ್ತಿರಲಿಲ್ಲ. ಟೈರ್‌ಗಳು ಕಿರಿದು, ಈ ವೇಗಕ್ಕೂ ಈ ತೂಕಕ್ಕೂ ಮಾಡಿದ್ದಲ್ಲ. ಬ್ರೂಕ್‌ಲ್ಯಾಂಡ್ಸ್‌ನ ಕಾಂಕ್ರೀಟ್ ಟ್ರ್ಯಾಕ್ 1907ರದ್ದು, ಉಬ್ಬುತಗ್ಗು ಬಿದ್ದಿತ್ತು.

1922ರಲ್ಲಿ ಅದೇ ಟ್ರ್ಯಾಕಿನಲ್ಲಿ ಚಿಟ್ಟಿಯ ಮುಂದಿನ ಟೈರ್ ಸಿಡಿಯಿತು. ಕಾರು ಗಿರಕಿ ಹೊಡೆದು ಸಮಯ ದಾಖಲಿಸುವ ಗುಡಿಸಲಿಗೆ ನುಗ್ಗಿತು. ಕೌಂಟ್ ಪಾರಾದ. ಒಳಗಿದ್ದ ಟೈಮ್‌ಕೀಪರ್ ಕೈಬೆರಳುಗಳನ್ನು ಕಳೆದುಕೊಂಡ. ಚಿಟ್ಟಿ ಬಗ್ಗೆ ಬರೆದವರು ಇದನ್ನು ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಮುಗಿಸಿ ಮುಂದಕ್ಕೆ ಹೋಗ್ತಾರೆ. ನನಗೆ ಈ ಇಡೀ ಕತೆಯ ಮುಖ್ಯ ಸಾಲು ಅದೇ ಅನ್ನಿಸುತ್ತೆ. ಕಾರು ಕಟ್ಟಿದವನೂ ಅಲ್ಲ, ಓಡಿಸಿದವನೂ ಅಲ್ಲ. ಗಡಿಯಾರ ಹಿಡಿದು ಕೂತಿದ್ದ ಒಬ್ಬ ಕೆಲಸಗಾರ.

ಲೂಯಿಯ ಹುಚ್ಚು ಅಲ್ಲಿಗೆ ನಿಲ್ಲಲಿಲ್ಲ. ಚಿಟ್ಟಿ 2 ಬಂತು, ಅದಕ್ಕೆ ಬೆಂಜ್ ಕಂಪನಿಯ 18.8 ಲೀಟರ್ ವಿಮಾನದ ಎಂಜಿನ್. ಅದರಲ್ಲಿ ಹೆಂಡತಿ, ಸ್ನೇಹಿತರ ಜೊತೆ ಸಹಾರಾ ಮರುಭೂಮಿಯವರೆಗೂ ಹೋಗಿಬಂದ. ಚಿಟ್ಟಿ 3 ಬಂತು, ಅದಕ್ಕೆ ಮರ್ಸಿಡಿಸ್‌ನದೇ ವಿಮಾನದ ಎಂಜಿನ್. ಅವನ ಕಾರುಗಳು ಊರೊಳಗೆ ಬರಕೂಡದು ಅಂತ ಕ್ಯಾಂಟರ್‌ಬರಿ ಪಟ್ಟಣ ನಿಯಮವನ್ನೇ ಮಾಡಿತ್ತು ಅನ್ನೋ ಪ್ರತೀತಿಯೂ ಇದೆ.

ಹಾಗಂತ ಇವನನ್ನು ದುಡ್ಡು ಸುಡುವ ಪುಂಡ ಅಂತ ತಳ್ಳಿಹಾಕೋದೂ ತಪ್ಪು. ಇವತ್ತು ಐಷಾರಾಮಿ ಹೆಸರಾಗಿರುವ ಆಸ್ಟನ್ ಮಾರ್ಟಿನ್ ಆಗ ಲಯೊನೆಲ್ ಮಾರ್ಟಿನ್ ನಡೆಸುತ್ತಿದ್ದ ಸಣ್ಣ ವರ್ಕ್‌ಶಾಪ್, ಕೈಯಲ್ಲಿ ಕಾಸಿಲ್ಲ. ಅದರ ಗ್ರಾಂಡ್ ಪ್ರೀ ಕಾರುಗಳಿಗೆ ದುಡ್ಡು ಹಾಕಿದವನು ಲೂಯಿ. 1922ರ ಜುಲೈನಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ನಡೆದ ಫ್ರೆಂಚ್ ಗ್ರಾಂಡ್ ಪ್ರೀಯಲ್ಲಿ ಅವನೊಂದು, ಗ್ಯಾಲಪ್ ಒಂದು ಕಾರು ಓಡಿಸಿದರು. ಎರಡೂ ಕೊನೆ ಮುಟ್ಟಲಿಲ್ಲ. 1923ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ 500 ರೇಸಿನಲ್ಲಿ ಬುಗಾಟ್ಟಿ ಓಡಿಸಿದ. ಅದೇ ವರ್ಷ ಅಕ್ಟೋಬರ್‌ನಲ್ಲಿ ಸ್ಪೇನ್‌ನ ಸಿಟ್ಜಸ್‌ನಲ್ಲಿ ಮಿಲ್ಲರ್ ಕಾರಿನಲ್ಲಿ ಎರಡನೇ ಸ್ಥಾನ ಪಡೆದ. ಕೆಲಸ ಗೊತ್ತಿತ್ತು, ಧೈರ್ಯವೂ ಇತ್ತು. ಅದೇ ಧೈರ್ಯ ಇರುವ ಬಡವರ ಮನೆ ಹುಡುಗನಿಗೆ ಈ ಯಾವ ಸ್ಟೀರಿಂಗೂ ಸಿಗುತ್ತಿರಲಿಲ್ಲ ಅನ್ನೋದು ಬೇರೆ ಮಾತು.

ಮಾಂಜಾ, 1924

1924ರಲ್ಲಿ ಮರ್ಸಿಡಿಸ್ ತಂಡ ಲೂಯಿಯನ್ನು ತನ್ನ ಡ್ರೈವರ್ ಮಾಡಿಕೊಂಡಿತು. ಅಕ್ಟೋಬರ್ 19ರಂದು ಇಟಲಿಯ ಮಾಂಜಾದಲ್ಲಿ ಇಟಾಲಿಯನ್ ಗ್ರಾಂಡ್ ಪ್ರೀ. ಕಾರು ಸೂಪರ್‌ಚಾರ್ಜ್ ಮಾಡಿದ 2 ಲೀಟರ್, 8 ಸಿಲಿಂಡರ್‌ನ ಹೊಸ ಮರ್ಸಿಡಿಸ್. ಗಮನಿಸಿ, ಇದು ಕಸಿ ಮಾಡಿದ ಕಾರಲ್ಲ. ಕಂಪನಿಯೇ ತನ್ನ ಚಾಸಿಗೆ ತನ್ನದೇ ಎಂಜಿನ್ ಹಾಕಿ ಕೊಟ್ಟದ್ದು. ಲೆಸ್ಮೊ ತಿರುವಿನಲ್ಲಿ ಕಾರು ದಾರಿ ಬಿಟ್ಟು ಮರಕ್ಕೆ ಬಡಿಯಿತು. ಲೂಯಿ ಸತ್ತ. ವಯಸ್ಸು 29. ಮರ್ಸಿಡಿಸ್ ತನ್ನ ಉಳಿದ ಕಾರುಗಳನ್ನೂ ರೇಸಿನಿಂದ ಹಿಂದೆ ತೆಗೆದುಕೊಂಡಿತು.

ಅಪ್ಪ ಸತ್ತಾಗ ಹಾಕಿದ್ದ ಅದೇ ಕಫ್‌ಲಿಂಕ್ ಮಗನೂ ಹಾಕಿದ್ದ ಅಂತ ಕತೆ ಬೆಳೆಯಿತು. ಸಾವಿಗೆ ಅರ್ಥ ಬೇಕಾದಾಗ ಜನ ಇಂಥ ಕತೆ ಕಟ್ಟುತ್ತಾರೆ. ಅರ್ಥ ಬೇಕಿದ್ರೆ ಅಷ್ಟು ದೂರ ಹೋಗಬೇಕಿಲ್ಲ. ಸೀಟ್ ಬೆಲ್ಟ್ ಇಲ್ಲ, ಹೆಲ್ಮೆಟ್ ಇಲ್ಲ, ಟ್ರ್ಯಾಕ್ ಪಕ್ಕದಲ್ಲೇ ಮರ. ಕಂಪನಿ ಮಾಡಿದ ಕಾರು ಸುರಕ್ಷಿತ, ಗ್ಯಾರೇಜಿನಲ್ಲಿ ಕಟ್ಟಿದ್ದು ಅಪಾಯಕಾರಿ ಅನ್ನೋ ಸುಲಭದ ತೀರ್ಮಾನಕ್ಕೆ ಈ ಸಾವು ಅವಕಾಶ ಕೊಡಲ್ಲ.

ಲೂಯಿಯನ್ನು ಲೆಸ್ಟರ್‌ಶೈರ್‌ನ ಬರ್ಟನ್ ಲಾಜರ್ಸ್ ಹಳ್ಳಿಯ ಚರ್ಚಿನಲ್ಲಿ ಅಪ್ಪ ಅಮ್ಮನ ಪಕ್ಕದಲ್ಲೇ ಮಣ್ಣು ಮಾಡಿದರು. ಅವನ ಕಾರುಗಳು ಒಂದೊಂದಾಗಿ ಮಾರಾಟವಾದವು. ಚಿಟ್ಟಿ 1 ಕೊನೆಗೆ ಷರ್ಲಾಕ್ ಹೋಮ್ಸ್ ಕತೆಗಾರ ಆರ್ಥರ್ ಕಾನನ್ ಡಾಯ್ಲ್ ಮಕ್ಕಳ ಕೈ ಸೇರಿತು, ಆಮೇಲೆ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ತುಕ್ಕು ಹಿಡಿದು ಗುಜರಿಯಾಯ್ತು.

125 ಪೌಂಡಿನ ಪಿತ್ರಾರ್ಜಿತ

ಲೂಯಿ ಬಿಟ್ಟುಹೋದ ಇನ್ನೊಂದು ಕಾರಿತ್ತು. ಹೈಯಾಮ್ ಸ್ಪೆಷಲ್. ಇದಕ್ಕೆ ಹಾಕಿದ್ದು ಅಮೆರಿಕದ ಲಿಬರ್ಟಿ ವಿಮಾನದ ಎಂಜಿನ್. 12 ಸಿಲಿಂಡರ್, 27 ಲೀಟರ್. 1917ರಲ್ಲಿ ಅಮೆರಿಕ ಯುದ್ಧಕ್ಕೆ ಇಳಿದಾಗ ಸರ್ಕಾರ ಮಾಡಿಸಿದ ಎಂಜಿನ್ ಇದು. ಪ್ಯಾಕರ್ಡ್, ಲಿಂಕನ್, ಫೋರ್ಡ್‌ನಂಥ ಕಾರು ಕಂಪನಿಗಳು ಸೇರಿ 20,000ಕ್ಕೂ ಹೆಚ್ಚು ತಯಾರಿಸಿದವು. ಯುದ್ಧ ಮುಗಿದ ಮೇಲೆ ಇದೂ ಗುಜರಿ. ಗೇರ್‌ಬಾಕ್ಸ್ ಬೆಂಜ್‌ದು, ಚಕ್ರಕ್ಕೆ ಮತ್ತೆ ಚೈನ್. ಈ ಕಾರಿನಿಂದ ಲೂಯಿ ಏನು ಮಾಡಬಹುದಿತ್ತೋ ಗೊತ್ತಾಗುವ ಮುಂಚೆಯೇ ತೀರಿಕೊಂಡ.

ಅದನ್ನು 125 ಪೌಂಡಿಗೆ ಕೊಂಡವನು ಜಾನ್ ಗಾಡ್‌ಫ್ರೆ ಪ್ಯಾರಿ ಥಾಮಸ್. ಇವನಿಗೆ ಮ್ಯಾನ್‌ಹ್ಯಾಟನ್ ಬಾಡಿಗೆ ಇರಲಿಲ್ಲ. ವೇಲ್ಸ್‌ನಲ್ಲಿ ಹುಟ್ಟಿದ ಪಾದ್ರಿಯ ಮಗ, ಓದಿ ಎಂಜಿನಿಯರ್ ಆದವನು, ಲೇಲ್ಯಾಂಡ್ ಮೋಟಾರ್ಸ್‌ನ ಮುಖ್ಯ ಎಂಜಿನಿಯರ್ ಹುದ್ದೆಗೇರಿದವನು. ಆ ಕೆಲಸ ಬಿಟ್ಟು ಬ್ರೂಕ್‌ಲ್ಯಾಂಡ್ಸ್ ಆವರಣದ ಒಂದು ಚಿಕ್ಕ ಮನೆಯಲ್ಲೇ ವಾಸ ಮಾಡಿಕೊಂಡು ರೇಸ್ ಕಾರು ಕಟ್ಟುತ್ತಿದ್ದ. ಹೈಯಾಮ್ ಸ್ಪೆಷಲ್‌ನ ಎಂಜಿನ್‌ಗೆ ತನ್ನದೇ ವಿನ್ಯಾಸದ ಪಿಸ್ಟನ್ ಹಾಕಿದ, ಕಾರ್ಬ್ಯುರೇಟರ್ ಬದಲಿಸಿದ, ಬಾಡಿಯನ್ನು ಗಾಳಿ ಸೀಳುವ ಹಾಗೆ ಮತ್ತೆ ಕಟ್ಟಿದ. ಬ್ಯಾಬ್ಸ್ ಅಂತ ಹೆಸರಿಟ್ಟ.

1926ರ ಏಪ್ರಿಲ್ 28ರಂದು ವೇಲ್ಸ್‌ನ ಪೆಂಡೈನ್ ಕಡಲತೀರದ ಮರಳಿನ ಮೇಲೆ ಬ್ಯಾಬ್ಸ್ ಗಂಟೆಗೆ 171.02 ಮೈಲಿ, ಅಂದ್ರೆ 275 ಕಿ.ಮೀ. ವೇಗದಲ್ಲಿ ಓಡಿತು. ನೆಲದ ಮೇಲಿನ ವಿಶ್ವದಾಖಲೆ. 125 ಪೌಂಡಿನ ಕಾರಿನಲ್ಲಿ! 1927ರ ಫೆಬ್ರವರಿಯಲ್ಲಿ ಮಾಲ್ಕಂ ಕ್ಯಾಂಪ್‌ಬೆಲ್ ಅದೇ ತೀರದಲ್ಲಿ 174.88 ಮೈಲಿ ಮುಟ್ಟಿ ದಾಖಲೆ ಮುರಿದ. ಪ್ಯಾರಿ ಥಾಮಸ್ ಮಾರ್ಚ್ 3ರಂದು ಮತ್ತೆ ಬ್ಯಾಬ್ಸ್ ಇಳಿಸಿದ. ಭಾರೀ ವೇಗದಲ್ಲಿದ್ದಾಗ ಕಾರು ಪಲ್ಟಿ ಹೊಡೆಯಿತು. ತಲೆಗೆ ಪೆಟ್ಟು ಬಿದ್ದು ಅಲ್ಲೇ ಸತ್ತ.

ಬಲಬದಿಯ ಚೈನ್ ತುಂಡಾಗಿ ತಲೆಗೆ ಬಡಿಯಿತು ಅಂತ ಬಹಳ ವರ್ಷ ನಂಬಿದ್ದರು. ಗೆಳೆಯರು ಕಾರನ್ನು ಅದೇ ಮರಳಿನಲ್ಲಿ ಹೂತರು. 42 ವರ್ಷದ ನಂತರ, 1969ರಲ್ಲಿ, ಓವೆನ್ ವಿನ್ ಓವೆನ್ ಅನ್ನೋ ಎಂಜಿನಿಯರಿಂಗ್ ಅಧ್ಯಾಪಕ ಅದನ್ನು ಅಗೆದು ತೆಗೆಸಿ, ವರ್ಷಗಟ್ಟಲೆ ದುಡಿದು ಮತ್ತೆ ಓಡುವ ಹಾಗೆ ಮಾಡಿದ. ಅವಶೇಷ ಪರಿಶೀಲಿಸಿದ ಮೇಲೆ ಚೈನ್ ಅಲ್ಲ, ಹಿಂದಿನ ಚಕ್ರ ಕುಸಿದದ್ದೇ ಮೊದಲ ಕಾರಣ ಇರಬೇಕು ಅನ್ನೋ ವಾದ ಬಲವಾಯ್ತು. ಚೈನ್ ಆಗಲಿ, ಚಕ್ರ ಆಗಲಿ, ಒಂದಂತೂ ಸ್ಪಷ್ಟ. ಸೋತಿದ್ದು ಎಂಜಿನ್ ಅಲ್ಲ. 27 ಲೀಟರ್ ಲಿಬರ್ಟಿ ಕೊನೆಯ ಕ್ಷಣದವರೆಗೂ ತನ್ನ ಕೆಲಸ ಮಾಡಿತ್ತು. ಸೋತಿದ್ದು ಆ ಶಕ್ತಿಯನ್ನು ನೆಲಕ್ಕೆ ಮುಟ್ಟಿಸಬೇಕಾದ ಭಾಗ.

ಎಂಜಿನ್‌ಗೆ 1, ಚಾಸಿಗೆ 5

ಬ್ರಿಟನ್ನಿನ ವಾಹನ ನೋಂದಣಿ ಸಂಸ್ಥೆ ಬಹಳ ವರ್ಷ ಒಂದು ಅಂಕ ಪದ್ಧತಿ ಬಳಸುತ್ತಿತ್ತು. ತೀವ್ರವಾಗಿ ಮಾರ್ಪಡಿಸಿದ ಕಾರು ತನ್ನ ಹಳೇ ನೋಂದಣಿ ಉಳಿಸಿಕೊಳ್ಳಬೇಕಾದರೆ ಮೂಲ ಭಾಗಗಳಿಂದ ಕನಿಷ್ಠ 8 ಅಂಕ ಗಳಿಸಬೇಕು. ಮೂಲ ಚಾಸಿಗೆ 5. ಸಸ್ಪೆನ್ಷನ್, ಆಕ್ಸಲ್, ಗೇರ್‌ಬಾಕ್ಸ್, ಸ್ಟೀರಿಂಗ್‌ಗೆ ತಲಾ 2. ಎಂಜಿನ್‌ಗೆ? ಬರೀ 1. ಎಂಜಿನ್ ಬದಲಿಸಿದ್ರೂ ಅದು ಅದೇ ಕಾರು. ಚಾಸಿ ಬದಲಿಸಿದ್ರೆ ಬೇರೆ ಕಾರು. ಸರ್ಕಾರಿ ಗುಮಾಸ್ತರು ಮಾಡಿದ ಈ ಪಟ್ಟಿಯಲ್ಲಿ ಅರ್ಧ ಶತಮಾನದ ಗ್ಯಾರೇಜ್ ಜ್ಞಾನ ಇದೆ.

ನಮ್ಮ ದೇಶದಲ್ಲಿ ಚಿಟ್ಟಿಯಂಥ ಕಾರು ರಸ್ತೆಗಿಳಿಸೋದು ಸಾಧ್ಯವೇ ಇಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಅಕ್ರಮ ಮಾರ್ಪಾಡಿಗೆ ಮಾಲೀಕನಿಗೆ 6 ತಿಂಗಳವರೆಗಿನ ಜೈಲು ಅಥವಾ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಅಂತ ಹೇಳಿತು. ಗ್ಯಾಸ್ ಅಥವಾ ಬ್ಯಾಟರಿಗೆ ಬದಲಿಸುವ ಅನುಮೋದಿತ ಕಿಟ್‌ಗಳಿಗೆ ದಾರಿ ಇದೆ, ನಿಮ್ಮ ಕೈಯಾರೆ ಹೊಂದಿಸಿದ ಎಂಜಿನ್‌ಗೆ ಇಲ್ಲ.

ಇದು ಸರಿಯೋ ತಪ್ಪೋ? ಬ್ರೂಕ್‌ಲ್ಯಾಂಡ್ಸ್‌ನ ಟೈಮ್‌ಕೀಪರ್‌ನ ಬೆರಳು ನೆನಪಿಟ್ಟುಕೊಂಡರೆ ನಿಯಂತ್ರಣ ಬೇಡ ಅಂತ ಯಾರೂ ಹೇಳಲಾರರು. ರಸ್ತೆ ಎಲ್ಲರದು, ನನ್ನ ಹುಚ್ಚಿನ ಬೆಲೆ ಪಕ್ಕದವನು ಕಟ್ಟಬಾರದು. ಆದರೆ ನಿಯಂತ್ರಣ ಬೇರೆ, ನಿಷೇಧ ಬೇರೆ. ಬ್ರೇಕ್ ಸಾಕೇ, ಚಾಸಿ ತಾಳುತ್ತದೆಯೇ, ಹೊಗೆ ಮಿತಿಯಲ್ಲಿದೆಯೇ ಅಂತ ಪರೀಕ್ಷಿಸಿ ನಂಬರ್ ಕೊಡೋದು ನಿಯಂತ್ರಣ. ಯಂತ್ರದ ಬಗ್ಗೆ ತಯಾರಕನದೇ ಕೊನೆಯ ಮಾತು ಅನ್ನೋದು ಇನ್ನೇನೋ. ಇಲ್ಲಿ ದುಡ್ಡಿರುವವನು ತನಗೆ ಬೇಕಾದ ಶಕ್ತಿಯ ಕಾರನ್ನು ನೇರ ಶೋರೂಮಿನಿಂದಲೇ ತರ್ತಾನೆ, ಯಾವ ಸೆಕ್ಷನ್ನೂ ಅಡ್ಡಬರಲ್ಲ. ಗ್ಯಾರೇಜಿನ ಹುಡುಗನ ಕೈಯ ಕೆಲಸ ಮಾತ್ರ ಅಪರಾಧ. 1921ರಲ್ಲಿ ಪ್ರಯೋಗದ ಸ್ವಾತಂತ್ರ್ಯ ಬಾಡಿಗೆ ತಿನ್ನುವವನ ಮಗನಿಗಿತ್ತು. ನೂರು ವರ್ಷದ ಮೇಲೆ ಅದು ಕಂಪನಿಗಿದೆ. ಪ್ಯಾರಿ ಥಾಮಸ್‌ಗಳಿಗೆ ಆಗಲೂ ಗುಜರಿಯೇ ಗತಿ, ಈಗಲೂ ಅಷ್ಟೇ.

ನಾವು ಕೇಳಬೇಕಾದದ್ದು ಜಿಲ್ಲೆಗೊಂದು ಸರಿಯಾದ ಪರೀಕ್ಷಾ ಕೇಂದ್ರ. ಅಲ್ಲಿ ಪಾಲಿಟೆಕ್ನಿಕ್ ಹುಡುಗರು ತಾವು ಕಟ್ಟಿದ್ದನ್ನು ತಂದು, ಹಗಲು ಬೆಳಕಿನಲ್ಲಿ ತೋರಿಸಿ, ಪಾಸೋ ಫೇಲೋ ಅಂತ ತಿಳ್ಕೊಂಡು ಹೋಗುವಂತಿರಬೇಕು. ಕದ್ದು ಮಾಡುವ ಮಾರ್ಪಾಡಿಗಿಂತ ಅದು ರಸ್ತೆಯಲ್ಲಿರುವ ಎಲ್ಲರಿಗೂ ಕ್ಷೇಮ.

ಲೂಯಿಯ ಕತೆಯಿಂದ ಇನ್ನೊಂದು ವಿಷಯ ಎತ್ತಿಕೊಳ್ಳಬಹುದು. ನಮ್ಮ ರಾಜಕೀಯದ ಭಾಷಣಗಳಲ್ಲಿ ಎಂಜಿನ್ ಅನ್ನೋ ಪದ ಬಹಳ ಓಡಾಡುತ್ತೆ. ಡಬಲ್ ಎಂಜಿನ್ ಅಂತಾರೆ, ಬೆಳವಣಿಗೆಯ ಎಂಜಿನ್ ಅಂತಾರೆ. ಚಾಸಿ ಬಗ್ಗೆ ಯಾರೂ ಭಾಷಣ ಮಾಡಲ್ಲ. ಹಳೇ ಪಂಚಾಯ್ತಿ, ಸಿಬ್ಬಂದಿ ಇಲ್ಲದ ಆಸ್ಪತ್ರೆ, ಮೇಷ್ಟ್ರಿಲ್ಲದ ಶಾಲೆ, ಇವುಗಳ ಮೇಲೆ ಎಷ್ಟು ಲೀಟರ್‌ನ ಎಂಜಿನ್ ಇಟ್ಟರೂ ಮೊದಲು ಮುರಿಯೋದು ಚೈನೋ ಚಕ್ರವೋ ಆಗಿರುತ್ತೆ.

ಮುಂದಿನ ಸಲ ಯಾರಾದ್ರೂ ಹೊಸ ಎಂಜಿನ್ ತೋರಿಸಿ ಚಪ್ಪಾಳೆ ಕೇಳಿದ್ರೆ, ಮೂರು ಪ್ರಶ್ನೆ ಕೇಳಿ. ಇದರ ದುಡ್ಡು ಯಾರ ಬಾಡಿಗೆಯಿಂದ ಬಂತು? ಬ್ರೇಕ್ ಎಲ್ಲಿದೆ? ಟೈರ್ ಸಿಡಿದರೆ ಕಾರು ಯಾರು ಕೂತಿರುವ ಗುಡಿಸಲಿಗೆ ನುಗ್ಗುತ್ತೆ?